ಒಂದು ಬೆರಳು ಸಡಿಲು

ಗಬ್ಬೂರ ಕ್ರಾಸಿನ ಯಾರ್ಡಿನ್ಯಾಗ
ಒಂದು ರೆಕ್ಕಿ ಮಲಗಿತ್ತು, ಬರೇ ಒಂದ.
ಇನ್ನೂರು ಅಡಿ. ನಡದು ಅಳದೇನಿ ನಾನು,
ಬುಡದಿಂದ ತುದೀತನಕ ಎಂಬತ್ತು ಹೆಜ್ಜಿ.
ಬುಡದಾಗ ಒಬ್ಬ ಆಳು ತಲಿ ಬಗ್ಗಿಸದ ನಿಂದರಬಹುದು,
ತುದಿ ಮಾತ್ರ ನನ್ನ ಅಂಗೈಯಷ್ಟ.

ಗಾಳಿ ಹಿಡೀಲಿಕ್ಕೆ ಹುಟ್ಟಿದ್ದು.
ಗುಡ್ಡ ಮುಟ್ಟೂತನಕ ಅದನ್ನ ಗಾಳಿ ಕೈಗೆ ಕೊಡದಂಗ
ಒಯ್ಯೂದು ನಮ್ಮ ಕೆಲಸ.

ನಾಕು ಗಂಟೆಕ್ಕ ಎರಡೂ ಕ್ರೇನು ಕಾಲು ಚಾಚಿ ನಿಂತಿದ್ವು,
ಕಾಲಿನ ಕೆಳಗ ಹಲಿಗಿ, ಹಲಿಗಿ ಕೆಳಗ ಎರಿ ಮಣ್ಣು.
ಬುಡನಸಾಬ ಒಂದು ಮುಷ್ಟಿ ಮಣ್ಣು ಹಿಚುಕಿ ನೋಡಿ
"ಇನ್ನೊಂದೊಂದು ಹಲಿಗಿ" ಅಂದ.
ಆಮ್ಯಾಲೆ ದೂರ ಹೋಗಿ ಬೀಡಿ ಹಚ್ಚಿದ.
ಹೊಗಿ ನೆಟ್ಟಗ ಏರಲಿಲ್ಲ,
ಅಡ್ಡ ಬಿದ್ದು ಓಡಿತು ವರೂರಿನ ಕಡೆ.
"ಈಗ ಎತ್ತಾಂಗಿಲ್ಲ."
ಕ್ರೇನಿನ ಮೀಟರ್ ಅದನ್ನ ಹೇಳಿದ್ದು
ಐದು ನಿಮಿಷ ತಡಾಗಿ.

ಜಾಧವನ ಫೋನಿನ್ಯಾಗ ಪುಣೆದವರು ಒದರಾಕತ್ತಿದ್ರು.
ಪರ್ಮಿಟ್ ಮುಂಜಾನಿಗೆ ಮುಗೀತೈತಿ,
ಎರಡು ಕ್ರೇನಿನ ಬಾಡಿಗಿ ಗೊತ್ತೈತೇನು,
ಬರೇ ಗಾಳಿ ಅಲ್ಲೇನು?
ಬುಡನಸಾಬ ಮಾತಾಡಲಿಲ್ಲ. ಎಡಗೈ ಎತ್ತಿ ತೋರಿಸಿದ.
ಮೂರು ಬೆರಳು.
ಉಳದ ಎರಡು ಎಲ್ಲಿ ಅಂತ ನಾ ಕೇಳಿದ್ದೆ, ಮೊದಲನೇ ವರ್ಷ.
"ಅವಸರದಾಗಿದ್ವು. ಮುಂದ ಹೋದ್ವು."

ಒಂಬತ್ತೂವರಿಗೆ ಗಾಳಿ ಕೂತಿತು,
ಎಮ್ಮಿ ಕೂತಂಗ, ಮುಂಗಾಲು ಮೊದಲು ಮಡಚಿ.

ಬಾಲದ ಹಗ್ಗ ನನ್ನ ಕೈಯಾಗ.
ಮುಂಗೈಗೆ ಸುತ್ತಿಕೋಬಾರದು ಅದನ್ನ,
ಹಿಡೀಬೇಕು, ಬಿಡಾಕೂ ತಯಾರಿರಬೇಕು.
ಹದಿನಾರು ಟನ್ನು ನೆಲ ಬಿಡೂ ಹೊತ್ತಿಗೆ ಸಪ್ಪಳ ಆಗೂದಿಲ್ಲ,
ಮಂದಿ ಸುಮ್ಮನಾಗತಾರ, ಅಷ್ಟ.
ಒಮ್ಮಿ ಅದು ಹೊಳ್ಳಿತು ನನ್ನ ಕಡೆ,
ಯಾರೋ ಹೆಸರು ಹಿಡದು ಕರದಂಗ.
ಜಗ್ಗಿದೆ. ತಿರುಗಿ ಹೋತು.

ಬುಡಕ್ಕ ಬೋಲ್ಟು, ಬೋಲ್ಟಿಗೊಂದು ಹಳದಿ ಗೆರಿ,
ಗೆರಿ ಮುರೀತಂದ್ರ ಬೋಲ್ಟು ಸುತ್ತೇತಿ ಅಂತ ತಿಳೀಬೇಕು.
ನಡುವ ರಬ್ಬರ್ ಹಾಸಿದ ತೊಟ್ಟಿಲು.
ತೊಟ್ಟಿಲಿನ ಸರಪಳಿ, ಎರಡು ಹಿಂದಕ್ಕ ಜಗ್ಗತಾವ, ಎರಡು ಮುಂದಕ್ಕ,
ಹೊಲದ ಬದುವಿಗೆ ಅಣ್ಣತಮ್ಮ ಜಗಳಾಡಿದಂಗ;
ಬದು ಇದ್ದಲ್ಲೇ ಇರತೈತಿ.
ಒಂದು ಪಟ್ಟಿ ಅಂಚಿಗೆ ಹರದಿತ್ತು, ಉಗುರಿನಷ್ಟ.
"ನಡೀತೈತಿ" ಅಂದ ಜಾಧವ.
ಬುಡನಸಾಬ ಚಾಕು ತಗದು
ಅದನ್ನ ನಾಕು ತುಂಡು ಮಾಡಿ ಒಗದ,
ನಾಳೆ ಯಾರೂ ಎತ್ತಿಕೊಂಡು ಕಟ್ಟಬಾರದು ಅಂತ.

ನಡುರಾತ್ರಿ ದಾಟಿ ಹೊಂಟ್ವಿ.
ಮುಂದ ಪೈಲಟ್ ಜೀಪು, ತುದಿಗೆ ಕೆಂಪು ದೀಪ,
ಹಿಂದಿನ ಗಾಲಿ ತಿರುಗಿಸೂ ರಿಮೋಟ್ ಡಬ್ಬಿ
ನಿರುಪಾದಿಯ ಕೊರಳಾಗ.

ಭಂಡಿವಾಡದ ಹತ್ರ ನಿಲ್ಲಿಸಿದ್ವಿ.
ಕಟ್ಟುವಾಗ ಬಿಗಿ ಇದ್ದದ್ದು ಹಾದ್ಯಾಗ ಸಡಿಲಾಗತೈತಿ,
ಭಾರ ತನ್ನ ಜಾಗಾ ತಾ ಹುಡುಕಿ ಕೂಡತೈತಿ.
ಮೂರನೇ ಸರಪಳಿಯೊಳಗ ನನ್ನ ಬೆರಳು ಹೋತು.
"ಎಷ್ಟು?"
"ಒಂದು ಬೆರಳು."
"ಯಾವ ಬೆರಳು?"
"ಕಿರುಬೆರಳು."
"ಎರಡು ಹಲ್ಲು ಬಿಗಿ."

ಅಣ್ಣಿಗೇರಿ ತಿರುವಿನ್ಯಾಗ ಮತ್ತ ನಿಂತ್ವಿ.
ಕಿರಾಣಿ ಅಂಗಡಿ ಮುಂದ, ತಳ್ಳುಗಾಡಿ ಮ್ಯಾಲೆ
ಒಬ್ಬಾವ ಮುಸುಕು ಹಾಕ್ಕೊಂಡು ಮಲಗಿದ್ದ,
ತುದಿ ಬೀಸೂದು ಸರೀಗೆ ಅವನ ಮ್ಯಾಲೆ.
ಹಾರ್ನ್ ಹೊಡಿ ಅಂದ ಜಾಧವ.
ಬುಡನಸಾಬ ತುಟಿಗೆ ಬೆರಳಿಟ್ಟ.
ಮೂವರು ಸೇರಿ ಗಾಡಿ ದೂಡಿದ್ವಿ, ಅವನ ಸಮೇತ,
ಇಪ್ಪತ್ತು ಹೆಜ್ಜಿ, ಗುಂಡಿ ತಪ್ಪಿಸಿ.
ರೆಕ್ಕಿ ಆ ಖಾಲಿ ಜಾಗಾದ ಮ್ಯಾಲೆ
ಅಂಗಡಿ ಬೋರ್ಡಿಗೆ ಗೇಣು ಬಿಟ್ಟು
ಹಾದು ಹೋತು.

ಮತ್ತ ದೂಡಿ ತಂದು ಇದ್ದಲ್ಲೇ ನಿಲ್ಲಿಸಿದ್ವಿ.
ಚಪ್ಪಲಿ ಸುದ್ದಾ ಮೊದಲಿನಂಗ, ಒಂದು ಡೊಂಕು.
ಎಲ್ಲಾರೂ ಓಡಿ ಗಾಡಿ ಹತ್ತಿದ್ವಿ. ಬುಡನಸಾಬ ಬರಲಿಲ್ಲ.
ನೋಡಿದ್ರ ಕುಕ್ಕರಗಾಲಿಲೇ ಕೂತು
ತಳ್ಳುಗಾಡಿ ಗಾಲಿಗೆ ಕಲ್ಲು ಕೊಡಾಕತ್ತಿದ್ದ.
ಮುಂದೊಂದು, ಹಿಂದೊಂದು.
ಎದ್ದು, ಒಮ್ಮಿ ಅಲುಗಿಸಿ ನೋಡಿದ.