ಮೂರು ಲೋಟ ಒಂದು ಲೋಟಕ್ಕೆ

ನಾಲೆಗೆ ನೀರು ನಿಂತು ಐದು ದಿನ. ಕಟ್ಟು ಪದ್ಧತಿ.
ತೂಬಿನ ಬೀಗದ ಕೈ ಮೊಳೆಗೆ ನೇತಾಡುತ್ತಿದೆ.
ನೀರುಗಂಟಿಗೆ ಇವತ್ತು ಕೆಲಸವಿಲ್ಲ,
ಮಗಳ ಎದೆಗೆ ಮಾತ್ರ ಬಿಡುವಿಲ್ಲ:
ಗೊರ್ ಗೊರ್ ಅನ್ನುತ್ತಿದೆ, ಹೂಳು ತುಂಬಿದ ಕಾಲುವೆ ಹಾಗೆ.

ಜಯಶೀಲ ಗಾರ್ಮೆಂಟ್ಸಿನಲ್ಲಿ, ಎರಡನೇ ಪಾಳಿ.
ಫೋನು ಗೇಟಿನ ಪೆಟ್ಟಿಗೆಯೊಳಗೆ,
ವ್ಯಾನು ಬರುವುದು ಹನ್ನೊಂದೂವರೆಗೆ.
ಮದ್ದೂರು! ಊರಿನ ಹೆಸರಲ್ಲೇ ಮದ್ದಿದೆ,
ಮದ್ದಿನಂಗಡಿ ಒಂಬತ್ತಕ್ಕೇ ಬಾಗಿಲು ಎಳೆಯುತ್ತೆ.

"ಅಮ್ಮ ಮಾಡೋದು ಮಾಡು" ಅಂತಾಳೆ ಲಿಖಿತ.
ಅಮ್ಮ ಏನು ಮಾಡುತ್ತಾಳೆ?
ಒಂಬತ್ತು ವರ್ಷ ಕುಡಿದಿದ್ದೇನೆ, ನೋಡಿಲ್ಲ.
ನನಗೆ ನೆಗಡಿಯಾದರೆ ಲೋಟ ತಾನಾಗಿ ನಡೆದು ಬರುತ್ತಿತ್ತು
ಜಗುಲಿಯವರೆಗೂ.
ನೆನಪಿರೋದು ಒಲೆ ಮುಂದೆ ಅವಳು ಗೊಣಗುವ ಒಂದೇ ಮಾತು:
"ಮೂರು ಲೋಟ ಒಂದು ಲೋಟಕ್ಕೆ ಇಳೀಬೇಕು."

ಸರಿ. ನೀರಿನ ಲೆಕ್ಕ ನನಗೆ ಬರುತ್ತೆ.
ಯಾವ ತೂಬಿಗೆ ಎಷ್ಟು ಗೇಣು, ಯಾರ ಗದ್ದೆಗೆ ಎಷ್ಟು ಹೊತ್ತು,
ಕೊನೇ ಭಾಗದವರ ಬೈಗುಳ ಎಷ್ಟು ಉದ್ದ, ಎಲ್ಲ ಬಾಯಿಪಾಠ.
ಆದರೆ ಇಷ್ಟು ದಿನ ಕಲಿತದ್ದು
ನೀರು ಇಳಿಯದ ಹಾಗೆ ಕಾಯುವುದು.
ಇಳಿದಷ್ಟೂ ಮದ್ದಾಗುವ ನೀರು
ಇದೇ ಮೊದಲು.

ಟಾರ್ಚು ಹಿಡಿದು ನಾಲೆ ಏರಿ ಮೇಲೆ ಹೋದೆ.
ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ.
ಇಲ್ಲಿದೆ ನೋಡಿ, ಆಡುಸೋಗೆ ಬೇಲಿ, ಒಂದೆಲೆ ಕಚ್ಚಿಲ್ಲ.
ದಿನಾ ಇದರ ಮೇಲೆ ಟವಲು ಒಣಹಾಕುತ್ತೇನೆ,
ಹೆಸರು ಬೇಕಾದದ್ದು ಇವತ್ತು.
ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬಾರದು,
ಮಲಗಿರುತ್ತೆ, ಅನ್ನುತ್ತಿದ್ದಳು ನಮ್ಮವ್ವ.
"ತೆಪ್ಪಾಯ್ತು ಕಣವ್ವ, ಮಗೀಗೆ" ಅಂದು ಎರಡು ಎಲೆ ಕಿತ್ತೆ.
ಏರಿ ಮೇಲೆ ಯಾರೂ ಇರಲಿಲ್ಲ. ಒಳ್ಳೆಯದಾಯಿತು.

ಪೇಂಟ್ ಬಕೆಟ್ಟಿನ ದೊಡ್ಡಪತ್ರೆ ಕೈಗೆ ಸಿಕ್ಕಿತು.
ಅಡುಗೆಮನೆಯ ಡಬ್ಬಗಳಿಗೆ ಮಾತ್ರ ಹೆಸರಿಲ್ಲ,
ಹಾರ್ಲಿಕ್ಸ್ ಬಾಟಲಿಯಲ್ಲಿ ಧನಿಯ, ಪೌಡರ್ ಡಬ್ಬದಲ್ಲಿ ಮೆಣಸು.
ಒಂದೊಂದೇ ಮುಚ್ಚಳ ತೆಗೆದು ಮೂಸಿದೆ.
ಹಿಪ್ಪಲಿಯ ಡಬ್ಬ ತೆಗೆದಾಗ
ಜಯಶೀಲಳ ಬೆರಳುಗಳು ಮೂಗಿಗೆ ಬಂದವು.
ಇದೇ ಇರಬೇಕು.

ಹಂಚಿಕಡ್ಡಿ ತೊಳೆದು, ಪಾತ್ರೆಗೆ ಅದ್ದಿ,
ನೀರು ಮುಟ್ಟಿದಲ್ಲಿ ಉಗುರಿನಿಂದ ಗೀರು ಎಳೆದೆ,
ನಾಲೆಯ ಅಳತೆಕಲ್ಲಿನ ಹಾಗೆ.
ಮತ್ತೆ ಅದ್ದಿದೆ. ಮತ್ತೆ.
ನೀರು ಇಳಿಯುವುದನ್ನು ಹೀಗೆ ಕೂತು ಕಾದವನಲ್ಲ ನಾನು.
ಎರಡನೇ ಗೀರಿನವರೆಗೆ ಸುಮ್ಮನಿತ್ತು,
ಆಮೇಲೆ ಮನೆಯೆಲ್ಲ ಘಾಟು,
ಬೆಕ್ಕು ಎದ್ದು ಹೊರಗೆ ಹೋಯಿತು.

ಇಳಿಸಿ, ಅಚ್ಚುಬೆಲ್ಲದ ಮೂಲೆ ಒಡೆದು ಹಾಕಿದೆ.
"ಅಮ್ಮಂದು ಇಷ್ಟು ಕಹಿ ಇರಲ್ಲ."
ಮೂಗು ಹಿಡಿದು ಅರ್ಧ ಕುಡಿದಳು,
ಇನ್ನರ್ಧ ಬೇಡವೆಂದು ಬಾಯಿ ಬಿಗಿದಳು.
ಬೆನ್ನು ಸವರುತ್ತ ಕೂತೆ.
ಗೊರ್ ಗೊರ್ ನಿಂತಿತೆಂದು ಹೇಳಲಾರೆ,
ನಿದ್ದೆ ಅದಕ್ಕಿಂತ ಜೋರಾಗಿತ್ತು.

ವ್ಯಾನು ಬಂತು. ತಲೆಗೂದಲಲ್ಲಿ ನೀಲಿ ದಾರ ಸಿಕ್ಕಿಸಿಕೊಂಡು
ಒಳಗೆ ಬಂದವಳು ಮೊದಲು ಮಗಳ ಹಣೆ ಮುಟ್ಟಿದಳು,
ಆಮೇಲೆ ಪಾತ್ರೆ ಬಗ್ಗಿಸಿದಳು:
"ಶುಂಠಿ ಜಜ್ಜೋದಲ್ವಾ? ಇಡಿಯಾಗಿ ಹಾಕವ್ರೆ, ಮಹರಾಯ್ರು."
ನಗಲು ಹೋಗಿ ಕೆಮ್ಮಿದಳು.

ಆ ಕೆಮ್ಮು ನನಗೆ ಗೊತ್ತು. ಉಗಾದಿಯಿಂದ ಇದೆ.
ಬಟ್ಟೆ ಧೂಳು ಕಣ್ರೀ ಅನ್ನುತ್ತಿದ್ದಳು,
ಧೂಳೇ ಇರಬೇಕು ಅಂತ ನಾನೂ ಅನ್ನುತ್ತಿದ್ದೆ.
ಜಗುಲಿಯಿಂದ ಒಳಗೆ, ಅವಳ ಕಡೆಗೆ,
ಯಾವ ಲೋಟವೂ ನಡೆದಿರಲಿಲ್ಲ.

ಮಗಳು ಬಿಟ್ಟ ಅರ್ಧವನ್ನು ಅವಳು ನಿಂತೇ ಕುಡಿದಳು,
ಆರಿದ್ದು, ತಳದ ಚರಟದ ಸಮೇತ.
ನಾನು ಪಾತ್ರೆ ತೊಳೆದು ಮತ್ತೆ ಮೂರು ಲೋಟ ನೀರಿಟ್ಟೆ.
ಶುಂಠಿ ಜಜ್ಜಿದೆ.
"ಯಾರ್ಗೆ ಈಗ? ಮಗ ಮಲಗ್ತಲ್ಲ."
"ನಾಳೆ ದೊಡ್ಡಾಸ್ಪತ್ರೆಗೆ ಹೋಗಿ ಎದೆ ತೋರ್ಸುವಾ.
ಈಗ ಕೂತ್ಕೊ," ಅಂದೆ, ಹಂಚಿಕಡ್ಡಿ ಹುಡುಕುತ್ತ,
"ಇಳಿಯಕ್ಕೆ ಹೊತ್ತಾಯ್ತದೆ."