ದಕ್ಷಿಣಕ್ಕೆ ತಲೆ ಹಾಕಿದ ಗಾಳಿ

ಗೌರಿಬಿದನೂರಿನಾಚೆ, ಜಾಲಿಯ ಬಯಲಲ್ಲಿ
ಸಾಲಾಗಿ ನಿಂತ ಆಂಟೆನಾ, ಮುಳ್ಳಷ್ಟೇ ಉಳಿದ ಮೀನು.
ಸೋಮವಾರ ಹಗಲು ಸೂರ್ಯ ಕೆಮ್ಮಿದ್ದು ಕೇಳಿಸಿತ್ತು,
ಎಂಟು ನಿಮಿಷ ತಡವಾಗಿ, ಗರಗರ.
ಉಗುಳಿದ್ದು ಬಂದು ತಲುಪಲು ಇನ್ನೂ ಎರಡು ದಿನ.

ಬುಧವಾರ ರಾತ್ರಿ ಕಾವಲಿಗೆ ಗಂಗುಲಪ್ಪ.
ಮಂಚ ಎಳೆಯುವಾಗ ಇವತ್ತಿಗೂ ದಿಕ್ಕು ನೋಡುತ್ತಾನೆ:
"ಉತ್ತರಕ್ಕೆ ತಲೆ ಹಾಕಬಾರದು ಸಾ, ನಮ್ಮಮ್ಮ ಬಯ್ತಿದ್ಲು."
ಮೇಲಿನ ಗಾಳಿಗೂ ಅದೇ ಶಾಸ್ತ್ರ, ಅಂದೆ, ಆದರೆ ತಿರುಗುಮುರುಗು.
ತನ್ನ ಕಾಂತವನ್ನು ಉತ್ತರಕ್ಕೆ ಚಾಚಿ ಬಂದರೆ
ಭೂಮಿ ಬಾಗಿಲು ತೆಗೆಯುವುದಿಲ್ಲ,
ಬಳಸಿಕೊಂಡು ಹೋಗಬೇಕು ಅದು.
ದಕ್ಷಿಣಕ್ಕೆ ತಲೆ ಹಾಕಿತೋ,
ಅಗುಳಿ ಸಡಿಲ.

ಒಂದೂ ಮುಕ್ಕಾಲಿಗೆ ಸಡಿಲವಾಯಿತು.
ಇರುಳ ಬೆನ್ನ ಹಿಂದೆ ಎಳೆದೆಳೆದ ರಬ್ಬರು
ಫಟ್ಟನೆ ಬಿಟ್ಟ ಹಾಗೆ
ಧ್ರುವದತ್ತ ನುಗ್ಗಿತು ವಿದ್ಯುತ್ತಿನ ಹೊಳೆ.
ಅಲ್ಲಿ, ಹೆಸರು ನಾಲಿಗೆಗೆ ನಿಲ್ಲದ ಊರುಗಳಲ್ಲಿ
ದಿಕ್ಸೂಚಿಯ ಮುಳ್ಳು ಉತ್ತರವನ್ನೇ ಮರೆಯಿತು,
ಆಕಾಶಕ್ಕೆ ಹುರುಳಿ ಚಿಗುರಿನ ಬಣ್ಣ ಬಂತಂತೆ.

ಇಲ್ಲಿ?
ಪರದೆಯ ಮೇಲೆ ಗೆರೆಯೊಂದು ನಿಧಾನ ಕುಸಿಯಿತು.
ಅಷ್ಟೇ. ಪಕ್ಕದ ರಾಗಿ ಹೊಲದಲ್ಲಿ
ಒಂದು ನಾಯಿಯೂ ಬೊಗಳಲಿಲ್ಲ.

ಕೂಗಿದೆ. ಗಂಗುಲಪ್ಪ ಕಣ್ಣುಜ್ಜಿಕೊಂಡು ಬಂದ:
"ಎಲ್ಲಿ ಸಾ, ಬಣ್ಣ?"
ಬಣ್ಣ ಅವರ ಪಾಲಿಗೆ. ನಮಗೆ ಈ ಗುಳಿ.
ಗಾಜಿನ ಮೇಲೆ ಬೆರಳಿಟ್ಟು, ಗೆರೆಯ ಜೊತೆ
ಇಳಿದ, ತಳದಲ್ಲಿ ಸ್ವಲ್ಪ ಹೊತ್ತು ನಿಂತ,
ಏನೂ ಅನ್ನಲಿಲ್ಲ.

ಆಮೇಲೆ ಹೊರಗೆ ಮಂಚದ ಕಾಲು ಕರಕರ ಎಂದಿತು:
ತಲೆದಿಂಬನ್ನು ಪೂರ್ವಕ್ಕೆ ತಿರುಗಿಸುತ್ತಿದ್ದ,
ಯಾವುದಕ್ಕೂ ಇರಲಿ ಎಂದು.