ತಳ ತಿರುವಿ ನೋಡುವುದು

ಗುರುವಾರ ಸಂಜೆ ಶಾಲೆಯ ಬಸ್ಸನ್ನು ಶೆಡ್ಡಿಗೆ ಬಿಟ್ಟು
ನಾನು ಥರ್ಮನ್‌ನ ಗ್ಯಾರೇಜಿಗೆ ಹೋಗುತ್ತೇನೆ.
ಇಡಾಹೋದ ಜನವರಿ. ನದಿ ಅಂಚಿನಲ್ಲಿ ಹೆಪ್ಪುಗಟ್ಟಿ
ನಡುವೆ ಮಾತ್ರ ಹರಿಯುತ್ತಿದೆ.
ಒಳಗೆ ಕರೆಂಟಿನ ಹೀಟರು, ಅದೂ ಮೂಲೆಯಲ್ಲಿ.
ಮದ್ದಿರುವ ಕೋಣೆಗೆ ಬೆಂಕಿ ಬರಬಾರದು,
ಥರ್ಮನ್‌ನ ಪೈಪು ಕೂಡ ಹೊರಗೆ ಕಿಟಕಿಯ ಕಟ್ಟೆಯ ಮೇಲೆ ಕಾಯುತ್ತದೆ.

ಮೇಜಿನ ಮೇಲೆ ಬಕೆಟ್ಟು ಬೋರಲು.
ರೇಂಜಿನ ಜಲ್ಲಿಯಲ್ಲಿ ಮಂಡಿಯೂರಿ ಆಯ್ದ
ಖಾಲಿ ತೋಟಾಗಳು, ಎಲ್ಲವೂ ನಲವತ್ತೈದು.
ಜೋಳದ ದಿಂಡಿನ ಪುಡಿಯಲ್ಲಿ ರಾತ್ರಿಯಿಡೀ ಉರುಳಿ
ಮದುವೆಗೆ ಹೊರಟ ಹಾಗೆ ಹೊಳೆಯುವ ಹಿತ್ತಾಳೆ.

ನಿಲ್ಲಿಸಿ ನೋಡಿ: ಒಂದೇ ತಾಯಿಯ ಮಕ್ಕಳು.
ಅದೇ ಎತ್ತರ, ಅದೇ ಸುತ್ತು, ಅದೇ ತೆರೆದ ಬಾಯಿ.
ತಳ ತಿರುವಿದಾಗಲೇ ಗೊತ್ತು,
ಕೆಲವಕ್ಕೆ ದೊಡ್ಡ ಪ್ರೈಮರಿನ ಕುಳಿ,
ಕೆಲವಕ್ಕೆ ಚಿಕ್ಕದು.
ಎರಡು ಉಗುರಿನ ದಪ್ಪ, ಅಷ್ಟೇ ಜಗಳ.

ಮುಂಚೆ ಹೀಗಿರಲಿಲ್ಲ, ಅನ್ನುತ್ತಾನೆ ಪ್ರತಿ ವಾರ.
ನಲವತ್ತೈದು ಅಂದರೆ ದೊಡ್ಡ ಕುಳಿ, ಕೇಳುವ ಮಾತೇ ಇಲ್ಲ.
ಯಾರೋ ಕಾರ್ಖಾನೆಯವರು ಏನೋ ಲೆಕ್ಕ ಹಾಕಿ
ಚಿಕ್ಕದು ಮಾಡಿದರು, ನನ್ನನ್ನೊಂದು ಮಾತು ಕೇಳದೆ.
ಪ್ರತಿ ವಾರ ನಾನು ನಗುತ್ತೇನೆ, ಹೊಸದಾಗಿ.

ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ಆರಿಸುತ್ತೇವೆ.
ದೊಡ್ಡವು ಕಾಫಿ ಡಬ್ಬಕ್ಕೆ. ಚಿಕ್ಕವು
ಉಪ್ಪಿನಕಾಯಿಯ ಹಳೆ ಜಾಡಿಗೆ.
ಜಾಡಿಗೀಗ ಏಳು ವರ್ಷ.
ಎಸೆಯುವುದಿಲ್ಲ, ಗುಜರಿಗೆ ಹಾಕುವುದಿಲ್ಲ,
ಅವಕ್ಕೂ ಒಂದು ದಿನ ಬರುತ್ತದೆ ಅನ್ನುತ್ತಾನೆ,
ಯಾವ ದಿನವೆಂದು ಹೇಳುವುದಿಲ್ಲ.

ಒಂದೊಂದು ಸಲ ಕಣ್ತಪ್ಪಿ
ಚಿಕ್ಕದೊಂದು ಪ್ರೆಸ್ಸಿಗೆ ಏರಿಬಿಡುತ್ತದೆ.
ಹಿಡಿಕೆ ಅರ್ಧಕ್ಕೇ ನಿಲ್ಲುತ್ತದೆ.
ಲೀಟಾ, ಅಂದಿದ್ದ ಮೊದಲ ಚಳಿಗಾಲದಲ್ಲೇ
ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು,
ಅದು ಬೇಡ ಅಂದರೆ ಬೇಡ.
ಬಲ ಹಾಕಬಾರದು. ಸುಮ್ಮನೆ ಹಿಂದೆ ತಗೋ.

ಆಗ ನಾನು ಅವನ ಸೊಸೆ.
ತುಂಬು ತೋಳಿನ ಅಂಗಿಯ ಸೊಸೆ, ಜುಲೈ ತಿಂಗಳಲ್ಲೂ.
ಥರ್ಮನ್ ಅಂಗಿಯನ್ನು ನೋಡಿದ. ಪ್ರೆಸ್ಸನ್ನು ನೋಡಿದ.
ಇದನ್ನು ವೇಡ್‌ಗೂ ಕಲಿಸಿದ್ದೆ, ಅಂದ.
ಎಷ್ಟೋ ಹೊತ್ತಾದ ಮೇಲೆ:
ಅವನ ಕೈಗೆ ಹತ್ತಲಿಲ್ಲ.

ವಾರದೊಳಗೆ ತನ್ನ ಟ್ರಕ್ಕಿನಲ್ಲೇ ನನ್ನ ಪೆಟ್ಟಿಗೆಗಳನ್ನು ಸಾಗಿಸಿದ,
ನ್ಯಾಯಾಲಯದಲ್ಲಿ ನನ್ನ ಕಡೆಯ ಬೆಂಚಿನಲ್ಲಿ ಕೂತ,
ಟೋಪಿ ತೊಡೆಯ ಮೇಲೆ,
ಮಗನ ಕಡೆ ಒಂದು ಸಲವೂ ತಿರುಗದೆ.

ಕಾಗದದ ಪ್ರಕಾರ ನಾವೀಗ ಯಾರಿಗೆ ಯಾರೂ ಅಲ್ಲ.
ಮಗನೇ ಬಿಟ್ಟುಹೋದವಳಿಗೆ ಮುದುಕನ ಗ್ಯಾರೇಜಿನಲ್ಲೇನು ಕೆಲಸ
ಎಂದು ಕೇಳುವವರುಂಟು ಪೆಟ್ರೋಲ್ ಬಂಕಿನಲ್ಲಿ.
ಊರಿನ ಕಿವಿಯೂ ಹಿತ್ತಾಳೆಯದೇ,
ಅದನ್ನು ಯಾರೂ ತಳ ತಿರುವಿ ನೋಡುವುದಿಲ್ಲ.
ಹೋಟೆಲಿನಲ್ಲಿ ಯಾರಾದರೂ ಸಿಕ್ಕರೆ ಥರ್ಮನ್
ಒಂದು ಗಳಿಗೆ ತಡವರಿಸಿ ಪರಿಚಯ ಮಾಡಿಸುತ್ತಾನೆ:
ಇವಳು ಲೀಟಾ, ನನ್ನ ಹಿತ್ತಾಳೆ ಆರಿಸುವವಳು.

ಈಗ ಅವನಿಗೆ ಎಂಬತ್ತೊಂದು.
ಎಡಗಣ್ಣಿಗೆ ಪೊರೆ, ಬಲಗಣ್ಣಿಗೆ ಹಟ.
ಆರಿಸುತ್ತಾನೆ, ಮೊದಲಿನಷ್ಟೇ ಚುರುಕಾಗಿ,
ಟಣ್ ಡಬ್ಬಕ್ಕೆ, ಟಿಣ್ ಜಾಡಿಗೆ,
ಡಬ್ಬಕ್ಕೆ, ಡಬ್ಬಕ್ಕೆ, ಜಾಡಿಗೆ.
ನಾನು ನೋಡಿಯೂ ನೋಡದಂತೆ ಎಣಿಸುತ್ತಿರುತ್ತೇನೆ.

ಎಂಟು ಗಂಟೆಗೆ ಕಾಫಿಗೆಂದು ಎದ್ದು ಒಳಗೆ ಹೋದಾಗ
ಜಾಡಿಯಿಂದ ಮೂರು ದೊಡ್ಡವನ್ನು ತೆಗೆಯುತ್ತೇನೆ,
ಡಬ್ಬದಿಂದ ಐದು ಚಿಕ್ಕವನ್ನು.
ಸದ್ದಾಗದಂತೆ, ಅಂಗೈಯಲ್ಲಿ ಸೆರೆಹಿಡಿದು,
ಅವುಗಳ ಮನೆಗೆ ಅವನ್ನು ಬಿಡುತ್ತೇನೆ.

ಕಾಫಿ ಮಾಡುವುದೇನೂ ಇರುವುದಿಲ್ಲ ಅಲ್ಲಿ,
ಆರು ಗಂಟೆಗೇ ಫ್ಲಾಸ್ಕಿಗೆ ತುಂಬಿಟ್ಟಿರುತ್ತಾನೆ.
ಆದರೂ ಹತ್ತು ನಿಮಿಷ ಹಿಡಿಯುತ್ತದೆ.
ಹಿಂದಿರುಗುವಾಗ ಬಾಗಿಲಿನಾಚೆ ನಿಂತು
ಒಮ್ಮೆ ಕೆಮ್ಮುತ್ತಾನೆ.
ಆಮೇಲೆ ಬರುತ್ತಾನೆ.